ವಿಆರ್, ಎಆರ್, ಎಂಆರ್: ಮೂರರಲ್ಲೂ ಸರಳೆ ವರಸೆ ನುಡಿಸಿ ನೋಡಿದೆ

ಮಿಕ್ಸೆಡ್ ರಿಯಾಲಿಟಿ (ಎಂಆರ್) ಅನ್ನುವುದು ಹಳೆಯ ವಿಆರ್ (ವರ್ಚುವಲ್ ರಿಯಾಲಿಟಿ, ಕಣ್ಣೆದುರು ಪೂರ್ತಿ ಕಲ್ಪಿತ ಲೋಕ), ಎಆರ್ (ಆಗ್ಮೆಂಟೆಡ್ ರಿಯಾಲಿಟಿ, ನಿಜ ನೋಟದ ಮೇಲೆ ಕೂರಿಸಿದ ಚಿತ್ರ) ಇವುಗಳಿಗೇ ಇಟ್ಟ ಹೊಸ ಹೆಸರೋ, ಅದರಲ್ಲಿ ನಿಜಕ್ಕೂ ಬೇರೆ ಏನಾದರೂ ಇದೆಯೋ? ಇದನ್ನು ತಿಳಿಯಲು ಒಂದು ತಿಂಗಳು ಒಂದೇ ಕೆಲಸವನ್ನು ಮೂರೂ ಬಗೆಯಲ್ಲಿ ಮಾಡಿ ನೋಡಿದೆ. ಕೆಲಸ ಇಷ್ಟೇ: ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯನ್ನು ಮಾಯಾಮಾಳವಗೌಳ ರಾಗದಲ್ಲಿ, ಎರಡು ಕಾಲದಲ್ಲಿ (ಅಂದರೆ ಎರಡು ವೇಗದಲ್ಲಿ) ಕೀಬೋರ್ಡ್ ಮೇಲೆ ತಪ್ಪಿಲ್ಲದೆ ನುಡಿಸುವುದು. ಚಿಕ್ಕಂದಿನಲ್ಲಿ ಹಾಡಿ ಕಲಿತ ಪಾಠ, ಬೆರಳಿಗೆ ಮಾತ್ರ ಹೊಸದು. ಒಂದು ಮನೆ ಶ್ರುತಿಯಲ್ಲಿ, ಅಂದರೆ ಸಿ ಕೀಯನ್ನು ಷಡ್ಜ ಮಾಡಿಕೊಂಡರೆ, ಈ ರಾಗಕ್ಕೆ ಬೇಕಾಗುವ ಕಪ್ಪು ಕೀಗಳು ಎರಡೇ: ಶುದ್ಧ ರಿಷಭ, ಶುದ್ಧ ಧೈವತ. ಉಳಿದ ಐದು ಸ್ವರಗಳೂ ಬಿಳಿ ಕೀಗಳಲ್ಲಿ ಸಿಗುತ್ತವೆ.

ಮೊದಲು ವಿಆರ್. ಹೆಡ್‌ಸೆಟ್ ಹಾಕಿಕೊಂಡ ತಕ್ಷಣ ನಮ್ಮ ನಡುಮನೆ ಮಾಯವಾಗಿ ದೊಡ್ಡ ಸಭಾಂಗಣವೊಂದು ಬಂತು, ಎದುರಿಗೆ ಗ್ರ್ಯಾಂಡ್ ಪಿಯಾನೊ. ಕ್ಯಾಮರಾಗಳು ನನ್ನ ಬೆರಳುಗಳನ್ನು ಗುರುತಿಸುತ್ತಿದ್ದವು, ಒತ್ತಿದ ಕಡೆ ಸ್ವರವೂ ಕೇಳುತ್ತಿತ್ತು. ಆದರೆ ಬೆರಳಿನ ಕೆಳಗೆ ಏನೂ ಇಲ್ಲ. ಕೀಯನ್ನು ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಬೆರಳಿಗೆ ಹೇಗೆ ತಿಳಿಯಬೇಕು? ಎರಡನೇ ಕಾಲಕ್ಕೆ ಬರುವಷ್ಟರಲ್ಲಿ ಕೈ ದಣಿದು ಭುಜ ಹಿಡಿದುಕೊಂಡಿತು. ಆ ಸಭಾಂಗಣದ ನಿಶ್ಶಬ್ದ ಮಾತ್ರ ತುಂಬ ಹಿಡಿಸಿತು. ಲೋಕವನ್ನೆಲ್ಲ ಆಚೆಗಿಟ್ಟು ಒಂದರಲ್ಲಿ ಮುಳುಗಬೇಕು ಅನ್ನುವವರಿಗೆ ವಿಆರ್‌ಗೆ ಸಾಟಿಯಿಲ್ಲ. ವಾದ್ಯ ಕಲಿಯಲು ಅದು ಸಾಲದು.

ಎಆರ್‌ಗೆ ಫೋನೇ ಸಾಕು. ಕೀಬೋರ್ಡ್ ಸ್ಟ್ಯಾಂಡ್ ಕೊಳ್ಳುವ ಮೊದಲು ಅದು ಕಿಟಕಿ ಪಕ್ಕದ ಮೂಲೆಯಲ್ಲಿ ಹಿಡಿಸುತ್ತದೆಯೇ ಎಂದು ಫೋನಿನಲ್ಲೇ ಅಳತೆಗೆ ತಕ್ಕಂತೆ ಇಟ್ಟು ನೋಡಿದ್ದೆ, ಎರಡೇ ನಿಮಿಷದ ಕೆಲಸ. ಅಂಥದ್ದಕ್ಕೆ ಅರ್ಧ ಕಿಲೋ ಭಾರವನ್ನು ಮುಖಕ್ಕೆ ಕಟ್ಟಿಕೊಳ್ಳುವ ಅಗತ್ಯ ಖಂಡಿತ ಇಲ್ಲ. ಆದರೆ ನುಡಿಸಲು ಕೂತರೆ ಒಂದು ಕೈ ಫೋನಿಗೇ ಮೀಸಲು. ಟ್ರೈಪಾಡ್‌ಗೆ ಸಿಕ್ಕಿಸಿದರೂ ಕಣ್ಣು ಇರುವುದು ಪುಟ್ಟ ಪರದೆಯ ಮೇಲೆ, ಕೈ ಇರುವುದು ಇನ್ನೆಲ್ಲೋ. ಯಾವ ಕೀ ಒತ್ತಬೇಕೆಂದು ಪರದೆ ತೋರಿಸುವ ಸ್ವರದ ಪಟ್ಟಿ, ನನ್ನ ಕೈ ಅಡ್ಡ ಬಂದರೂ ಅದರ ಹಿಂದೆ ಸರಿಯದೆ, ಕೈಯ ಮೇಲೇ ಬಳಿದ ಬಣ್ಣದ ಹಾಗೆ ಕಾಣುತ್ತಿತ್ತು.

ಇನ್ನು ಎಂಆರ್. ಹೆಡ್‌ಸೆಟ್ ಅದೇ, ಈಗ ಹೊರಗಿನ ಕ್ಯಾಮರಾಗಳು ನಡುಮನೆಯನ್ನು ಬಣ್ಣದಲ್ಲಿ ಕಣ್ಣಿಗೆ ತಂದುಕೊಡುತ್ತವೆ. ಇದಕ್ಕೆ ಪಾಸ್‌ಥ್ರೂ ಅನ್ನುತ್ತಾರೆ. ಮೆಟಾ ಕಂಪನಿಯ 2020ರ ಹೆಡ್‌ಸೆಟ್ ಕ್ವೆಸ್ಟ್ 2ರಲ್ಲಿ ಈ ನೋಟ ಕಪ್ಪುಬಿಳುಪಾಗಿತ್ತು; 2023ರ ಕ್ವೆಸ್ಟ್ 3, 2024ರಲ್ಲಿ ಮಾರಾಟಕ್ಕೆ ಬಂದ ಆಪಲ್‌ನ ವಿಷನ್ ಪ್ರೊ ಎರಡರಲ್ಲೂ ಬಣ್ಣ ಬಂದಿದೆ. ಕೀಬೋರ್ಡಿನ ಮೊದಲ ಮತ್ತು ಕೊನೆಯ ಕೀ ಮೇಲೆ ಬೆರಳಿಟ್ಟು ಆ್ಯಪ್‌ಗೆ ಜಾಗ ಗುರುತು ಮಾಡಿಕೊಟ್ಟೆ. ಸರಳೆ ವರಸೆಯ ಮಿಡಿ ಫೈಲನ್ನು (ಯಾವ ಸ್ವರ ಯಾವಾಗ ಎಂದು ಬರೆದಿಟ್ಟ ಫೈಲ್) ನಾನೇ ಮಾಡಿ ಹಾಕಿದ್ದೆ. ನೀಲಿ ಪಟ್ಟಿಗಳು ಮೇಲಿನಿಂದ ಇಳಿದು ನೇರವಾಗಿ ನನ್ನದೇ ಕೀಗಳ ಮೇಲೆ ಕೂತವು. ಷಡ್ಜ, ಪಕ್ಕದ ಕಪ್ಪು ಕೀ ಮೇಲೆ ರಿಷಭ, ಆಮೇಲೆ ಗಾಂಧಾರ. ಒತ್ತಿದರೆ ಕೀ ಕೆಳಗಿಳಿಯುತ್ತದೆ, ಬಿಟ್ಟರೆ ಬೆರಳನ್ನು ಮೇಲಕ್ಕೆ ತಳ್ಳುತ್ತದೆ. ಕಣ್ಣು, ಬೆರಳು, ಕಿವಿ ಮೂರೂ ಮೊದಲ ಸಲ ಒಂದೇ ಜಾಗಕ್ಕೆ ಬಂದವು. ಆ ಸಂಜೆ ನನಗಾದ ಸಂತೋಷವನ್ನು ಹೇಳಲಾರೆ.

ವಿಆರ್ ಕೊಡದ್ದು, ಫೋನಿನ ಎಆರ್ ಕೊಡದ್ದು ಇದೇ: ನಿಜವಾದ ವಸ್ತುವಿನ ಮೇಲೆ ಎರಡೂ ಕೈ ಇಟ್ಟು ಕೆಲಸ ಮಾಡುವಾಗ, ಬೇಕಾದ ಮಾಹಿತಿ ಆ ವಸ್ತುವಿನ ಮೇಲೆಯೇ ಬಂದು ಕೂರುವುದು. ಮಾತಿನ ಲೆಕ್ಕಕ್ಕೆ ಬಂದರೆ ಇದು ಹೊಸ ಪದವೇನೂ ಅಲ್ಲ. ಪಾಲ್ ಮಿಲ್‌ಗ್ರಾಮ್ ಮತ್ತು ಫುಮಿಯೊ ಕಿಶಿನೊ 1994ರ ತಮ್ಮ ಪ್ರಬಂಧದಲ್ಲಿ ನಿಜ ಲೋಕ ಒಂದು ತುದಿ, ಪೂರ್ತಿ ಕಲ್ಪಿತ ಲೋಕ ಇನ್ನೊಂದು ತುದಿ ಎಂದು ಗೆರೆ ಎಳೆದು, ನಡುವಿನದ್ದನ್ನೆಲ್ಲ ಮಿಕ್ಸೆಡ್ ರಿಯಾಲಿಟಿ ಎಂದು ಕರೆದಿದ್ದರು. ಆ ಲೆಕ್ಕದಲ್ಲಿ ಎಆರ್ ಕೂಡ ಅದರೊಳಗೇ ಬರುತ್ತದೆ. ಆದ್ದರಿಂದ ಅಂಗಡಿಯಲ್ಲಿ ಡಬ್ಬದ ಮೇಲಿನ ಹೆಸರು ನೋಡಬೇಡಿ. ಪಾಸ್‌ಥ್ರೂ ಬಣ್ಣದ್ದೇ, ಕೋಣೆಯ ಮೇಜು ಗೋಡೆಗಳನ್ನು ಅದು ಗುರುತಿಸುತ್ತದೆಯೇ ಎಂದು ಕೇಳಿ.

ತೊಂದರೆಗಳೂ ಇವೆ. ಮೂರನೇ ದಿನ ತಲೆಗೆ ಕಟ್ಟುವ ಬೆಲ್ಟ್ ಬಿಗಿ ಮಾಡಲು ಹೆಡ್‌ಸೆಟ್ ತೆಗೆದು ಮತ್ತೆ ಹಾಕಿಕೊಂಡೆ. ನೀಲಿ ಪಟ್ಟಿಗಳೆಲ್ಲ ಸುಮಾರು ಒಂದು ಸೆಂಟಿಮೀಟರ್ ಬಲಕ್ಕೆ ಸರಿದಿದ್ದವು. ಬಿಳಿ ಕೀಯ ಅಗಲವೇ ಸುಮಾರು 2.3 ಸೆಂಟಿಮೀಟರ್, ಹಾಗಾಗಿ ಇದು ಸಣ್ಣ ತಪ್ಪಲ್ಲ. ರಿಷಭದ ಪಟ್ಟಿ ಕಪ್ಪು ಕೀಗೂ ಪಕ್ಕದ ಬಿಳಿ ಕೀಗೂ ನಡುವೆ ನಿಂತಿತು. ನಂಬಿ ಬಿಳಿ ಕೀ ಒತ್ತಿದ್ದರೆ ಶುದ್ಧ ರಿಷಭದ ಜಾಗದಲ್ಲಿ ಚತುಶ್ರುತಿ ರಿಷಭ ಬರುತ್ತಿತ್ತು, ಮಾಯಾಮಾಳವಗೌಳ ಹೋಗಿ ಸರಸಾಂಗಿ ಆಗಿಬಿಡುತ್ತಿತ್ತು. ಕಿವಿಗೆ ರಾಗ ಗೊತ್ತಿದ್ದರಿಂದ ಬಚಾವಾದೆ. ಏನೂ ಗೊತ್ತಿಲ್ಲದ ಮಗು ತಪ್ಪನ್ನೇ ಕಲಿಯುತ್ತದೆ, ನನಗೆ ಚಿಂತೆ ಅದೇ. ಈಗ ಪ್ರತಿ ಸಲ ಕೂರುವ ಮೊದಲು ಜಾಗ ಹೊಸದಾಗಿ ಗುರುತು ಮಾಡುತ್ತೇನೆ.

ಸಂಜೆ ಬೆಳಕು ಕಡಿಮೆಯಾದರೆ ಪಾಸ್‌ಥ್ರೂ ನೋಟದಲ್ಲಿ ಮರಳು ಎರಚಿದ ಹಾಗೆ ಕಾಣುತ್ತದೆ. ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದ ಸ್ವರಗಳು ಓದಲು ಸಿಗುತ್ತವೆ, ಮೇಲಿನ ಸ್ಥಾಯಿಯ ಚುಕ್ಕಿ ಕಾಣುವುದಿಲ್ಲ. ಮಗಳು ಕಾಫಿ ತಂದಾಗ ಲೋಟ ಕಂಡಿತು, ಕೈಗೂ ಬಂತು, ಕುಡಿಯಹೋದರೆ ಅದರ ಅಂಚು ಹೆಡ್‌ಸೆಟ್‌ಗೆ ತಾಗಿತು. ಮತ್ತೆ, ಇಳಿಯುವ ಪಟ್ಟಿ ಯಾವ ಕೀ ಎಂದಷ್ಟೇ ಹೇಳುತ್ತದೆ. ಗಮಕಕ್ಕೆ, ಅಂದರೆ ಸ್ವರವನ್ನು ತೂಗಿಸಿ ಬಳುಕಿಸುವುದಕ್ಕೆ, ಗುರುಗಳ ಮುಂದೆಯೇ ಕೂರಬೇಕು.

ಸದ್ಯಕ್ಕೆ ನನ್ನ ಕ್ರಮ ಹೀಗಿದೆ: ಹೊಸ ವರಸೆಗೆ ಮೊದಲ ಹದಿನೈದು ನಿಮಿಷ ಎಂಆರ್, ಅದೂ ಹಗಲಿನಲ್ಲಿ, ಕಿಟಕಿ ತೆರೆದಿಟ್ಟು. ಆಮೇಲೆ ಹೆಡ್‌ಸೆಟ್ ತೆಗೆದಿಟ್ಟು ಅದನ್ನೇ ಬರಿಗಣ್ಣಿನಲ್ಲಿ ನುಡಿಸುತ್ತೇನೆ. ಸರಳೆ ಮುಗಿದಿದೆ, ಈ ವಾರ ಮುಂದಿನ ಪಾಠವಾದ ಜಂಟಿ ವರಸೆಯ ಫೈಲ್ ಮಾಡುತ್ತಿದ್ದೇನೆ.