ಕಾಕಂಬಿ ಟ್ಯಾಂಕ್ ಕಟ್ಟಿಸುವವರೇ, ನೀರಿನ ಲೆಕ್ಕದ ಶೆಲ್ ಒಪ್ಪಬೇಡಿ

ಬಳ್ಳಾರಿ ಕಡೆ ಡಿಸ್ಟಿಲರಿಗೆ ಕಾಕಂಬಿ ಟ್ಯಾಂಕ್ ಕಟ್ಟಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ನಮ್ಮಲ್ಲಿ 12 ಮೀಟರ್ ವ್ಯಾಸ, 10 ಮೀಟರ್ ಎತ್ತರದ ಟ್ಯಾಂಕ್ ಹಾಕಿಸಿದರು. ಶೆಲ್ ಅಂದರೆ ಟ್ಯಾಂಕಿನ ಸುತ್ತಲಿನ ಗೋಡೆ, ಅದರ ಪ್ಲೇಟಿನ ದಪ್ಪಕ್ಕೆ ಗುತ್ತಿಗೆದಾರ "ಲೆಕ್ಕಕ್ಕೆ ಮೂರೂವರೆ ಮಿ.ಮೀ. ಸಾಕು, ನಾನು ಐದು ಹಾಕಿದ್ದೀನಿ" ಅಂದ. ನೀರು ತುಂಬಿಸಿ ಪರೀಕ್ಷೆ ಮಾಡಿದಾಗ ಒಂದು ಹನಿಯೂ ಸೋರಲಿಲ್ಲ. ಆಮೇಲೆ ಕಾಕಂಬಿ ತುಂಬಿದಾಗ ಕೆಳಗಿನ ಪ್ಲೇಟ್ ಸಾಲಿನ ಲಂಬ ಬೆಸುಗೆ ಬಿಟ್ಟುಕೊಂಡಿತು. ಹತ್ತಿರ ಯಾರೂ ಇರಲಿಲ್ಲ, ಅದೇ ಪುಣ್ಯ.

ಲೆಕ್ಕದ ಹಾಳೆ ತರಿಸಿ ನೋಡಿದರೆ ಸಾಂದ್ರತೆ 1 ಅಂತ ಇದೆ. ಅದು ನೀರಿನದು! ಕಾಕಂಬಿಗೆ ಸುಮಾರು 1.4 ಹಿಡಿಯಬೇಕು. ಬೆಸುಗೆ ಹಾಕಿದ ಉಕ್ಕಿನ ಟ್ಯಾಂಕ್‌ಗಳ ಕೋಡ್ ಎಪಿಐ 650ರ ಸೂತ್ರ ಸುಲಭ: 4.9ನ್ನು ವ್ಯಾಸ, ಎತ್ತರದಲ್ಲಿ 0.3 ಕಳೆದದ್ದು ಮತ್ತು ಸಾಂದ್ರತೆಯಿಂದ ಗುಣಿಸಿ, ಉಕ್ಕು ತಡೆಯಬಲ್ಲ ಒತ್ತಡದಿಂದ ಭಾಗಿಸಿ. ನಮ್ಮ ಉಕ್ಕಿಗೆ ಅದು 164 ಮೆಗಾಪ್ಯಾಸ್ಕಲ್. ನೀರಿಗೆ 3.5 ಮಿ.ಮೀ. ಬರುತ್ತೆ, ಕಾಕಂಬಿಗೆ 4.9. ಬೆಸುಗೆಗೆ ಎಕ್ಸ್-ರೇ ಮಾಡಿಸಿರಲಿಲ್ಲ, ಹಾಗಾಗಿ ಬೆಸುಗೆಯ ಬಲ ಪ್ಲೇಟಿನ 0.7ರಷ್ಟೇ ಅಂತ ಹಿಡಿದು ಅದರಿಂದ ಭಾಗಿಸಬೇಕು, 7 ಆಯಿತು. ತುಕ್ಕಿಗೆ 1.5 ಸೇರಿಸಿದರೆ 8.5. ಅಂದರೆ ಅದರ ಮೇಲಿನ ಅಳತೆಯ 10 ಮಿ.ಮೀ. ಪ್ಲೇಟ್ ಬೇಕಿತ್ತು, ಸಿಕ್ಕಿದ್ದು 5! ಅಷ್ಟು ವ್ಯಾಸದ ಟ್ಯಾಂಕಿನ ಕೆಳಗಿನ ಸಾಲಿಗೆ ಆ ಕೋಡ್ ಹೇಳುವ ಕನಿಷ್ಠ ದಪ್ಪವೇ 6, ಅದಕ್ಕಿಂತ ಕಡಿಮೆ ಹಾಕಿ ಆತ ಏನೋ ಜಾಸ್ತಿ ಕೊಟ್ಟ ಹಾಗೆ ತೋರಿಸಿದ.

ನೀರಿನ ಪರೀಕ್ಷೆ ಪಾಸಾಯಿತು ಅಂತ ನಂಬಬೇಡಿ. ಕಾಕಂಬಿ ಹಾಕುವ ಭಾರ ಅದಕ್ಕಿಂತ ಶೇಕಡ 40 ಜಾಸ್ತಿ, ಪರೀಕ್ಷೆಯಲ್ಲಿ ಆ ಭಾರ ಬಂದೇ ಇರಲ್ಲ, ಅಲ್ವಾ?

ಮುಚ್ಚಿದ ಟ್ಯಾಂಕ್ ಆದರೆ ಒಳಗಿನ ಅನಿಲದ ಒತ್ತಡವನ್ನೂ ಕೂಡಿಸಬೇಕು. 7 ಕಿಲೋಪ್ಯಾಸ್ಕಲ್ ಅಂದರೆ ಅರ್ಧ ಮೀಟರ್ ಕಾಕಂಬಿ ಹೆಚ್ಚಿಗೆ ತುಂಬಿದಷ್ಟು. ನಮ್ಮ ಬೇಸಿಗೆಯಲ್ಲಿ ಕಾಕಂಬಿ ಬಿಸಿಯಾಗಿ ನೊರೆ ಬಂದು ಅನಿಲ ಹೊರಹೋಗುವ ವೆಂಟ್ ಕಟ್ಟಿಕೊಂಡರೆ ಈ ಒತ್ತಡ ಸುಮ್ನೆ ಏರುತ್ತೆ. ಆಗ ಶೆಲ್‌ಗಿಂತ ಮೊದಲು ಚಾವಣಿಯ ಅಂಚಿಗೇ ಅಪಾಯ.

ಬೆಸುಗೆ ಸರಿಮಾಡಿಸಿದ ಮೇಲೆ ಇದೇ ಲೆಕ್ಕವನ್ನು ಹಿಂದಿನಿಂದ ಹಾಕಿದರೆ, ತುಂಬಬಹುದಾದ ಎತ್ತರ ಬರೀ 5 ಮೀಟರ್ ಚಿಲ್ಲರೆ. ಈಗ ಅರ್ಧ ಟ್ಯಾಂಕ್ ಖಾಲಿ ಬಿಟ್ಟು ನಡೆಸುತ್ತಿದ್ದೇವೆ. ಮುಂಗಡ ಕೊಡುವ ಮೊದಲೇ ಲೆಕ್ಕದ ಹಾಳೆ ಕೇಳಿ, ಸಾಂದ್ರತೆ, ಬೆಸುಗೆ, ತುಕ್ಕು ಈ ಮೂರರ ಅಂಕಿ ನೋಡಿ. ಹಾಳೆ ಕೊಡಲ್ಲ ಅಂದರೆ ಬೇರೆಯವರನ್ನು ಹುಡುಕಿ.