ಬೈಕಿನ ಮಿಸ್ಸಿಂಗ್ ಹುಡುಕುವ ಮಲ್ಟಿಮೀಟರ್: ವಿಜಯಪುರದಲ್ಲಿ ಹಲವು ವರ್ಷಗಳ ಬಳಕೆಯ ನಂತರದ ವಿಮರ್ಶೆ

ವಿಜಯಪುರದ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಾವಿರ ರೂಪಾಯಿಯೊಳಗೆ ಸಿಗುವ ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಒಂದನ್ನು ನಾನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ರಬ್ಬರ್ ಕವಚ, 9 ವೋಲ್ಟಿನ ಚೌಕಾಕಾರದ ಸೆಲ್, 1999ರವರೆಗೆ ಅಂಕಿ ತೋರಿಸುವ ಪರದೆ, ಕೈಯಿಂದಲೇ ತಿರುಗಿಸಿ ರೇಂಜ್ ಆರಿಸಬೇಕಾದ ಗುಂಡಿ, ಇಷ್ಟೇ ಅದರ ಸ್ವರೂಪ. ಮನೆಯ ಸ್ವಿಚ್‌ಬೋರ್ಡಿಗೆ ನಾನು ಇದನ್ನು ತಂದವನಲ್ಲ. ನನ್ನ 2018ರ ಕಾರ್ಬ್ಯುರೇಟರ್ ಬೈಕು ಓಡುತ್ತ ಓಡುತ್ತ ಮಿಸ್ಸಿಂಗ್ ಹೊಡೆಯುವುದಕ್ಕೆ, ಅಂದರೆ ಎಂಜಿನ್ ನಡುನಡುವೆ ಉರಿ ತಪ್ಪಿ ತಡವರಿಸುವುದಕ್ಕೆ, ಕಾರಣ ತಿಳಿಯಬೇಕೆಂದೇ ಕೊಂಡೆ. ಆದ್ದರಿಂದ ಈ ವಿಮರ್ಶೆಯೂ ಆ ಒಂದು ಕೆಲಸಕ್ಕೇ ಸೀಮಿತವಾಗಿದೆ: ಗಾಡಿಯ ವಿದ್ಯುತ್ ದೋಷಗಳನ್ನು ಈ ಮೀಟರ್ ಎಷ್ಟರಮಟ್ಟಿಗೆ ಹಿಡಿದುಕೊಡುತ್ತದೆ, ಎಲ್ಲಿ ಕೈಬಿಡುತ್ತದೆ.

ನಮ್ಮ ಕಡೆ ಗಾಡಿ ಜಗ್ಗದಿದ್ದರೆ ಮೊದಲ ಆರೋಪ ಬರುವುದು ಕಾರ್ಬ್ಯುರೇಟರ್ ಮೇಲೆ. "ಕಾರ್ಬ್ಯುರೇಟರ್‌ನ್ಯಾಗ ಕಸ ಕುಂತದ್ರೀ ಸರ, ಬಿಚ್ಚಿ ತೊಳದ್ರ ಸರಿ ಆಗ್ತದ" ಎಂಬ ಮಾತನ್ನು ಕೇಳದ ಬೈಕ್ ಸವಾರ ಈ ಜಿಲ್ಲೆಯಲ್ಲಿ ಇರಲಾರ. ಎರೆಮಣ್ಣಿನ ಧೂಳು ಇಷ್ಟೊಂದು ಇರುವಲ್ಲಿ ಆ ಮಾತು ಎಷ್ಟೋ ಸಲ ನಿಜವೂ ಆಗಿರುತ್ತದೆ. ಆದರೆ ಪೆಟ್ರೋಲ್ ಸಾಲದೆ ಬರುವ ನಿತ್ರಾಣಕ್ಕೂ ಕಿಡಿ ತಪ್ಪಿ ಬರುವ ನಿತ್ರಾಣಕ್ಕೂ ವ್ಯತ್ಯಾಸವಿದೆ. ಪೆಟ್ರೋಲ್ ಕೊರತೆಯಾದಾಗ ಎಂಜಿನ್ ನಿಧಾನವಾಗಿ ಸೊರಗುತ್ತದೆ, ಚೋಕ್ ಎಳೆದರೆ ತುಸು ಚೇತರಿಸಿಕೊಳ್ಳುತ್ತದೆ. ಕಿಡಿ ತಪ್ಪಿದಾಗ ಯಾರೋ ಕೀಲಿಯನ್ನು ಆಫ್ ಮಾಡಿ ತಕ್ಷಣ ಆನ್ ಮಾಡಿದಂತೆ ಗಾಡಿ ಜರ್ಕ್ ಹೊಡೆಯುತ್ತದೆ. ಈ ಎರಡನೆಯ ಲಕ್ಷಣ ಕಂಡಾಗ ಕಾರ್ಬ್ಯುರೇಟರನ್ನು ಮುಟ್ಟುವ ಮೊದಲು ಮೀಟರನ್ನು ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬ್ಯಾಟರಿಯ ತಪಾಸಣೆ ಈ ಮೀಟರ್ ಅತ್ಯಂತ ಚೆನ್ನಾಗಿ ಮಾಡುವ ಕೆಲಸ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6ರಿಂದ 12.8 ವೋಲ್ಟ್ ತೋರಿಸಿದರೆ ಅದು ಪೂರ್ತಿ ಚಾರ್ಜ್ ಆಗಿದೆ ಎಂದರ್ಥ, 12.0ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ಸೆಲ್ಫ್ ಒತ್ತಿ ಹಿಡಿದಾಗ ಸುಮಾರು 10 ವೋಲ್ಟಿಗಿಂತ ಕೆಳಗೆ ಕುಸಿಯಬಾರದು. ಎಂಜಿನ್ ಓಡುವಾಗ ರೇಸ್ ಕೊಟ್ಟರೆ 13.5ರಿಂದ 14.5ರ ನಡುವೆ ನಿಲ್ಲಬೇಕು. ನಿಂತ ವೋಲ್ಟೇಜಿಗಿಂತ ಮೇಲೇರದಿದ್ದರೆ ಚಾರ್ಜಿಂಗ್ ಇಲ್ಲ, 15ನ್ನು ದಾಟಿ ಹೋದರೆ ಚಾರ್ಜಿಂಗ್ ವೋಲ್ಟೇಜನ್ನು ಹದ್ದಿನಲ್ಲಿಡುವ ರೆಕ್ಟಿಫೈಯರ್ ಕೆಟ್ಟಿದೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಇರುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುವುದು ಕಡ್ಡಾಯವಾದ ಮೇಲೆ, ಪೇಟೆಯ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಓಡುವ ಗಾಡಿಗೆ ಈ ಲೆಕ್ಕ ಮೊದಲಿಗಿಂತ ಹೆಚ್ಚು ಮುಖ್ಯವಾಗಿದೆ. ಸಿ.ಡಿ.ಐ., ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಘಟಕ, ಬ್ಯಾಟರಿಯಿಂದಲೇ ವಿದ್ಯುತ್ ಪಡೆಯುವ ಗಾಡಿಗಳಲ್ಲಿ ಬ್ಯಾಟರಿ ಸೊರಗಿದರೆ ಕಿಡಿಯೂ ಸೊರಗುತ್ತದೆ. ಮ್ಯಾಗ್ನೆಟ್ಟಿನ ಪ್ರತ್ಯೇಕ ಕಾಯಿಲಿನಿಂದ ವಿದ್ಯುತ್ ಪಡೆಯುವ ಹಳೆಯ ಗಾಡಿಗಳು ಬ್ಯಾಟರಿ ಸತ್ತರೂ ಕಿಕ್ಕಿಗೆ ಚಾಲೂ ಆಗಿ ಓಡುತ್ತವೆ. ನಿಮ್ಮದು ಯಾವ ಬಗೆಯದು ಎಂದು ಮೊದಲು ತಿಳಿದುಕೊಳ್ಳದಿದ್ದರೆ ಮುಂದಿನ ಅಳತೆಗಳಿಗೆ ಅರ್ಥವಿಲ್ಲ.

ಬ್ಯಾಟರಿ ಸರಿಯಿದ್ದೂ ಮಿಸ್ಸಿಂಗ್ ನಿಲ್ಲದಿದ್ದಾಗಲೇ ಈ ಮೀಟರಿನ ನಿಜವಾದ ಬೆಲೆ ನನಗೆ ತಿಳಿದದ್ದು. ಹೆಚ್ಚಿನವರು ವೈರಿಂಗ್ ನೋಡುವಾಗ ಮೀಟರನ್ನು ಬೀಪ್ ಸದ್ದಿಗೆ ಇಟ್ಟು, ಸದ್ದು ಬಂದರೆ ವೈರ್ ಸರಿಯಿದೆ ಎಂದು ತೀರ್ಮಾನಿಸುತ್ತಾರೆ. ಹತ್ತಾರು ಎಳೆಗಳಿರುವ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಹನಿ ನೀರಾವರಿಯ ಪೈಪಿನಲ್ಲಿ ಕಸ ಕಟ್ಟಿದ್ದರೂ ತುದಿ ಮುಚ್ಚಿರುವವರೆಗೆ ಗೇಜ್ ಪೂರ್ತಿ ಒತ್ತಡವನ್ನೇ ತೋರಿಸಿ, ನೀರು ಹರಿಯಲು ಬಿಟ್ಟ ಕೂಡಲೇ ಕುಸಿಯುವುದನ್ನು ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು ಬಲ್ಲರು. ವೈರಿಂಗಿನ ಕಥೆಯೂ ಅದೇ. ಕರೆಂಟ್ ಹರಿಯುತ್ತಿರುವಾಗ ಎಷ್ಟು ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ ಎಂಬುದನ್ನು ಅಳೆಯಬೇಕು. ಅದಕ್ಕಾಗಿ ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕಡ್ಡಿಯನ್ನು ಸಿ.ಡಿ.ಐ.ಗೆ ವಿದ್ಯುತ್ ಒಯ್ಯುವ ವೈರಿಗೆ ಹಿಡಿದು, ಕೀಲಿ ಆನ್ ಮಾಡಿ, ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್ ಎಲ್ಲವನ್ನೂ ಹಚ್ಚಿ ಪರದೆ ನೋಡಬೇಕು. ವೈರುಗಳನ್ನು ಕೂಡಿಸುವ ಪ್ಲಾಸ್ಟಿಕ್ ಕೊಂಡಿಯಾದ ಕಪ್ಲರನ್ನು ಬಿಚ್ಚದೆ, ಅದರ ಹಿಂಭಾಗದಿಂದ ಒಂದು ಗುಂಡುಸೂಜಿಯನ್ನು ವೈರಿನ ಜೊತೆಗೆ ಒಳಕ್ಕೆ ತೂರಿಸಿ ಅದಕ್ಕೆ ಕಡ್ಡಿ ಮುಟ್ಟಿಸಿದರೆ ಸಾಕು.

ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ದಾರಿಯಲ್ಲಿ ದೋಷವಿದೆ. ನನ್ನ ಗಾಡಿಯಲ್ಲಿ ಕಂಡದ್ದು 1.3 ವೋಲ್ಟ್. ಕಪ್ಪು ಕಡ್ಡಿಯನ್ನು ಒಂದೊಂದೇ ಜೋಡಣೆ ಹಿಂದಕ್ಕೆ ಸರಿಸುತ್ತ ಬಂದಾಗ ಅಷ್ಟೂ ನಷ್ಟ ಕೀಲಿ ಸ್ವಿಚ್ಚಿನ ಕಪ್ಲರಿನಲ್ಲೇ ಆಗುತ್ತಿತ್ತು. ಹೆಡ್‌ಲೈಟ್ ಡೂಮ್ ಬಿಚ್ಚಿ ಆ ಬಿಳಿಯ ಕಪ್ಲರನ್ನು ಹೊರತೆಗೆದರೆ, ಉಳಿದ ಪಿನ್ನುಗಳು ಹೊಳೆಯುತ್ತಿದ್ದವು. ಒಂದು ಮಾತ್ರ ಹಸಿರು ಹುಡಿ ಕಟ್ಟಿ, ಅದರ ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ತುಸು ಕರಗಿತ್ತು. ಮಳೆಗಾಲದಲ್ಲಿ ಮಡ್‌ಗಾರ್ಡಿಗೆ ಅಂಟಿದ ಎರೆಮಣ್ಣನ್ನು ಬಿಡಿಸಲು ವಾಟರ್ ಸರ್ವಿಸಿಂಗಿನವರು ಜೋರಾಗಿ ಹೊಡೆಯುವ ನೀರು ಇಂಥ ಜಾಗಕ್ಕೇ ನುಗ್ಗಿ ಕೂರುತ್ತದೆ. ಆ ಪಿನ್ನನ್ನು ಸಣ್ಣ ಉಪ್ಪುಕಾಗದದಿಂದ ಉಜ್ಜಿ, ಸಡಿಲವಾಗಿದ್ದ ಟರ್ಮಿನಲ್ಲನ್ನು ಇಕ್ಕಳದಿಂದ ಹದವಾಗಿ ಒತ್ತಿ, ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿ ಜೋಡಿಸಿದ ಮೇಲೆ ಅಳತೆ 0.2ಕ್ಕೆ ಇಳಿಯಿತು, ಬ್ರೇಕ್ ಹಿಡಿದಾಗಲೆಲ್ಲ ಆಗುತ್ತಿದ್ದ ಜರ್ಕ್ ನಿಂತಿತು. ಇದೇ ವಿಧಾನದಲ್ಲಿ ಅರ್ಥಿಂಗನ್ನೂ ನೋಡಬೇಕು: ಬ್ಯಾಟರಿಯ ಮೈನಸ್ ಮತ್ತು ಎಂಜಿನ್ನಿನ ಬರಿ ಲೋಹದ ನಡುವೆ, ಸೆಲ್ಫ್ ಒತ್ತಿದಾಗ, 0.2 ವೋಲ್ಟಿನ ಆಸುಪಾಸಿನಲ್ಲಿದ್ದರೆ ಸರಿ.

ಬೇಸಿಗೆಯ ದೋಷ ಬೇರೆಯೇ ಜಾತಿಯದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಹೊರಗೆ ನಲವತ್ತು ಡಿಗ್ರಿ ದಾಟಿರುವಾಗ ಬಸವನ ಬಾಗೇವಾಡಿಯ ದಾರಿಯಲ್ಲಿ ಗಾಡಿ ಚೆನ್ನಾಗಿ ಓಡುತ್ತಿದ್ದು, ಎಂಜಿನ್ ಕಾದ ಮೇಲೆ ಮಿಸ್ಸಿಂಗ್ ಶುರುವಾಗಿ ನಿಂತುಹೋಗುತ್ತದೆ. ಬೇವಿನ ನೆರಳಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಏನೂ ಆಗದಂತೆ ಚಾಲೂ ಆಗುತ್ತದೆ. ಮೆಕ್ಯಾನಿಕ್ ಹತ್ತಿರ ತಲುಪುವಷ್ಟರಲ್ಲಿ ದೋಷವೇ ಮಾಯವಾಗಿರುತ್ತದೆ. ಈ ಲಕ್ಷಣಕ್ಕೆ ಹಲವು ಸಲ ಕಾರಣವಾಗಿರುವುದು ಪಿಕಪ್ ಕಾಯಿಲ್, ಅಂದರೆ ಕಿಡಿ ಯಾವಾಗ ಹಾರಬೇಕೆಂದು ಸಿ.ಡಿ.ಐ.ಗೆ ಸೂಚನೆ ಕೊಡುವ ಸಣ್ಣ ಸುರುಳಿ. ಅದರ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿ ಒಳಗೆಲ್ಲೋ ಬಿರುಕು ಬಿಟ್ಟಿದ್ದರೆ, ಬಿಸಿಗೆ ಹಿಗ್ಗಿದಾಗ ಬಿರುಕು ತೆರೆದುಕೊಳ್ಳುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಎಂಜಿನ್ ಕವರ್ ಬಿಚ್ಚುವ ಅಗತ್ಯವಿಲ್ಲ. ಅದರ ವೈರು ಮೇಲೆ ಬಂದು ಸೇರುವ ಕಪ್ಲರನ್ನು ಬಿಚ್ಚಿ, ಮೀಟರನ್ನು ರೋಧ ಅಳೆಯುವ ಓಮ್ಸ್‌ನ 2000 ರೇಂಜಿಗೆ ಇಟ್ಟು, ಗಾಡಿ ನಿಂತ ಕ್ಷಣದಲ್ಲೇ ಅಳೆಯಬೇಕು. ಪರದೆಯ ಎಡ ಅಂಚಿನಲ್ಲಿ ಒಂಟಿ 1 ಮಾತ್ರ ನಿಂತರೆ ಸುರುಳಿ ತುಂಡಾಗಿದೆ. ಮೀಟರನ್ನು ಸೀಟಿನ ಕೆಳಗೆ ಇಟ್ಟುಕೊಂಡೇ ಓಡಾಡುವವರಿಗೆ ಮಾತ್ರ ಈ ದೋಷ ಸಿಗುತ್ತದೆ, ಮತ್ತು ಈ ಮೀಟರ್ ಅಷ್ಟು ಚಿಕ್ಕದಾಗಿರುವುದು ಇಲ್ಲಿ ದೊಡ್ಡ ಅನುಕೂಲ.

ಓಮ್ಸ್ ಅಳೆಯುವವರು ಇನ್ನೊಂದು ಲೆಕ್ಕವನ್ನು ಮರೆಯಬಾರದು. ಸರ್ವಿಸ್ ಮ್ಯಾನ್ಯುಯಲ್‌ಗಳಲ್ಲಿ ಕೊಟ್ಟಿರುವ ಕಾಯಿಲಿನ ಅಳತೆಗಳು ಸಾಮಾನ್ಯವಾಗಿ 20 ಡಿಗ್ರಿ ತಾಪಮಾನದವು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.4ರಷ್ಟು ಏರುತ್ತದೆ. ಹೀಗಾಗಿ ಮ್ಯಾನ್ಯುಯಲ್ 200 ಓಮ್ಸ್ ಎಂದು ಹೇಳಿದ ಕಾಯಿಲ್, ನಮ್ಮ ಊರಿನ ಮೇ ತಿಂಗಳಲ್ಲಿ ಗಾಡಿ ಓಡಿಸುವ ಮೊದಲೇ 216ರ ಹತ್ತಿರ ಇರುತ್ತದೆ. ಎಂಜಿನ್ ಶಾಖಕ್ಕೆ 100 ಡಿಗ್ರಿ ಮುಟ್ಟಿದರೆ 260ನ್ನು ದಾಟಿದರೂ ಅದು ಆರೋಗ್ಯವಂತ ಕಾಯಿಲೇ. ಈ ಏರಿಕೆಯನ್ನು ನೋಡಿ ಒಳ್ಳೆಯ ಭಾಗವನ್ನು ಎಸೆದು ಹೊಸದು ಹಾಕಿಸುವುದು ದುಡ್ಡು ದಂಡ.

ಮೀಟರಿನ ಮಿತಿಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಇಗ್ನಿಷನ್ ಕಾಯಿಲಿನ ಮೊದಲ (ಪ್ರೈಮರಿ) ಸುರುಳಿ ಕೆಲವು ಗಾಡಿಗಳಲ್ಲಿ ಒಂದು ಓಮ್‌ಗಿಂತಲೂ ಕಡಿಮೆ ಇರುತ್ತದೆ. ಮೀಟರಿನ ಕಡ್ಡಿಗಳೇ 0.3, 0.4 ಓಮ್ಸ್ ಸೇರಿಸುತ್ತವೆ. ಎರಡೂ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ, ಬಂದ ಅಂಕಿಯನ್ನು ಕಳೆದು ಓದಿದರೂ ಅಷ್ಟು ಸಣ್ಣ ಅಳತೆಯನ್ನು ನಂಬಿ ತೀರ್ಪು ಕೊಡಲಾಗದು. ಪ್ಲಗ್ ವೈರಿನಲ್ಲಿ ಹರಿಯುವುದು ಸಾವಿರಾರು ವೋಲ್ಟ್, ಅಲ್ಲಿಗೆ ಈ ಮೀಟರನ್ನು ಎಂದೂ ಮುಟ್ಟಿಸಬಾರದು. ಸಿ.ಡಿ.ಐ.ಯಿಂದ ಕಾಯಿಲಿಗೆ ಹೋಗುವ ಮಿಂಚಿನಂಥ ಕ್ಷಣಿಕ ಹೊಡೆತವನ್ನು ಅಳೆಯಲು ಪೀಕ್ ವೋಲ್ಟೇಜ್ ಅಡಾಪ್ಟರ್ ಬೇಕು. ಹೀಗಾಗಿ ಸಿ.ಡಿ.ಐ. ಕೆಟ್ಟಿದೆ ಎಂದು ಈ ಮೀಟರ್ ನೇರವಾಗಿ ಹೇಳಲಾರದು. ಉಳಿದದ್ದೆಲ್ಲ ಸರಿಯಿದೆ ಎಂದು ಸಾಬೀತುಪಡಿಸಿ ಅನುಮಾನವನ್ನು ಅಲ್ಲಿಗೆ ತಂದು ನಿಲ್ಲಿಸಬಲ್ಲದು. ಆ ಹಂತದಲ್ಲಿ ಅದೇ ಮಾದರಿಯ ಇನ್ನೊಂದು ಗಾಡಿಯ ಸಿ.ಡಿ.ಐ. ಹಾಕಿ ನೋಡುವುದೇ ನೇರವಾದ ದಾರಿ.

ಬಾಳಿಕೆಯ ವಿಷಯದಲ್ಲಿ ಮೀಟರಿನ ಮೈಗೆ ನಾನು ಪೂರ್ಣ ಅಂಕ ಕೊಡುತ್ತೇನೆ, ಕಡ್ಡಿಗಳಿಗೆ ಕೊಡಲಾರೆ. ಮೂಲ ವೈರು ಬಿಸಿಲಿಗೆ ಗಡುಸಾಗಿ ಹಿಡಿಯ ಬುಡದಲ್ಲೇ ಒಳಗೊಳಗೆ ತುಂಡಾಯಿತು; ಅಳತೆ ಬಂದು ಬಂದು ಹೋಗುತ್ತಿದ್ದರೆ ಗಾಡಿಗಿಂತ ಮೊದಲು ಕಡ್ಡಿಗಳನ್ನು ಶಂಕಿಸಬೇಕು. ಸಿಲಿಕಾನ್ ಹೊದಿಕೆಯ ಬೇರೆ ಕಡ್ಡಿಗಳನ್ನು ಹಾಕಿದ ಮೇಲೆ ಆ ಕಾಟವಿಲ್ಲ. ಪರದೆಗೆ ಹಿಂಬೆಳಕಿದ್ದರೂ ಮಧ್ಯಾಹ್ನದ ಬಿಸಿಲಿನಲ್ಲಿ ಅಂಕಿ ಓದಲು ಕೈ ಅಡ್ಡ ಹಿಡಿಯಲೇಬೇಕು. ಸೆಲ್ ಇಳಿದಾಗ ಇಂಥ ಮೀಟರ್‌ಗಳು ಇರುವುದಕ್ಕಿಂತ ಹೆಚ್ಚು ವೋಲ್ಟ್ ತೋರಿಸುತ್ತವೆ. ಪರದೆಯ ಮೂಲೆಯಲ್ಲಿ ಬ್ಯಾಟರಿಯ ಚಿಹ್ನೆ ಕಂಡ ಮೇಲೂ ಅಳೆಯುತ್ತ ಹೋದರೆ ಚೆನ್ನಾಗಿರುವ ರೆಕ್ಟಿಫೈಯರ್ ಕೆಟ್ಟಂತೆ ಕಾಣುತ್ತದೆ. ಕೆಂಪು ಕಡ್ಡಿಯನ್ನು 10 ಆಂಪಿಯರಿನ ತೂತಿನಲ್ಲೇ ಬಿಟ್ಟು ಬ್ಯಾಟರಿಗೆ ಮುಟ್ಟಿಸಿದರೆ ನೇರ ಶಾರ್ಟ್ ಆಗುತ್ತದೆ, ಮತ್ತು ಅಗ್ಗದ ಹಲವು ಮೀಟರ್‌ಗಳಲ್ಲಿ ಆ ತೂತಿಗೆ ಫ್ಯೂಸ್ ಕೂಡ ಇರುವುದಿಲ್ಲ. ಇದೇ ಮೀಟರನ್ನು ತೋಟದ ಬೋರ್‌ವೆಲ್ ಸ್ಟಾರ್ಟರಿನ ತ್ರೀ ಫೇಸ್ ಲೈನಿಗೆ ಹಿಡಿಯುವವರನ್ನು ಕಂಡಾಗ ನನಗೆ ನಿಜಕ್ಕೂ ಭಯವಾಗುತ್ತದೆ. ಮೈಮೇಲೆ 600 ವೋಲ್ಟ್ ಎಂದು ಅಚ್ಚಾಗಿದ್ದರೂ ಅಲ್ಲಿಗೆ ಬೇಕಾದ ಒಳರಕ್ಷಣೆ ಇದರಲ್ಲಿದೆ ಎಂದು ನಂಬಬಾರದು. ಅದಕ್ಕೆ ಹೆಚ್ಚಿನ ಬೆಲೆಯ, ಪ್ರಮಾಣೀಕರಿಸಿದ ಮೀಟರ್ ಬೇರೆಯೇ ಇರಲಿ.

2020ರ ಏಪ್ರಿಲ್‌ನಲ್ಲಿ ಹೊಗೆ ನಿಯಂತ್ರಣದ ಬಿ.ಎಸ್. 6 ನಿಯಮ ಬಂದ ಮೇಲಿನ ಬೈಕುಗಳಲ್ಲಿ ಬಹುಪಾಲು ಕಾರ್ಬ್ಯುರೇಟರಿನ ಬದಲು ಫ್ಯುಯೆಲ್ ಇಂಜೆಕ್ಷನ್ ಇದೆ. ಅಲ್ಲಿ ಸೆನ್ಸರ್‌ಗಳ ದೋಷ ಓದಲು ಸ್ಕ್ಯಾನರ್ ಬೇಕಾಗುತ್ತದೆ, ಆದರೆ ಬ್ಯಾಟರಿ, ಅರ್ಥಿಂಗ್, ಕಪ್ಲರ್‌ಗಳ ಮಟ್ಟಿಗೆ ಈ ಮೀಟರೇ ಸಾಕು. ಕೊಳ್ಳುವವರು ಅಂಗಡಿಯ ಕಟ್ಟೆಯ ಮೇಲೇ ಅದನ್ನು 200 ಓಮ್ಸ್‌ಗೆ ತಿರುಗಿಸಿ, ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ, ಎರಡೂ ವೈರುಗಳನ್ನು ಬುಡದಲ್ಲಿ ಬಗ್ಗಿಸಿ ನೋಡಿ. ಅಂಕಿ 0.5ಕ್ಕಿಂತ ಕೆಳಗೆ ಅಲುಗಾಡದೆ ನಿಂತರೆ ತೆಗೆದುಕೊಳ್ಳಿ, ಕುಣಿದರೆ ಬೇರೆ ಪೆಟ್ಟಿಗೆ ಬಿಚ್ಚಿಸಿ.