ಲಿಬ್ರೆಆಫೀಸ್ ಕ್ಯಾಲ್ಕ್: ಆರು ಹಂಗಾಮಿನ ತೋಟದ ಲೆಕ್ಕ ಬರೆದ ಮೇಲೆ

ವಿರಾಜಪೇಟೆ ಕಡೆಯ ಕಾಫಿ ತೋಟವೊಂದರ ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ ಪಟ್ಟಿ), ಕೊಯ್ಲಿನ ತೂಕ, ಮಳೆ ಲೆಕ್ಕ, ಮಾರಾಟ, ಗೊಬ್ಬರದ ಖರ್ಚು ಇಷ್ಟೂ ಆರು ಹಂಗಾಮಿನಿಂದ ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಲೆಕ್ಕಹಾಳೆ ತಂತ್ರಾಂಶದಲ್ಲೇ ಇದೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ, ಇಂಟರ್‌ನೆಟ್ ಬೇಕಿಲ್ಲ, 4 ಜಿಬಿಯ ಹಳೆ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವ ನಮ್ಮ ಕಡೆ ಇದೊಂದೇ ಕಾರಣ ಸಾಕಿತ್ತು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕೂಡಿ ಕಳೆಯುವುದರಲ್ಲಿ ಕ್ಯಾಲ್ಕ್ ಒಮ್ಮೆಯೂ ತಪ್ಪಿಲ್ಲ. ಬಂದ ತಪ್ಪುಗಳೆಲ್ಲ ಒಂದೇ ಜಾಗದವು: ನಾವು ಟೈಪ್ ಮಾಡಿದ್ದು ಒಂದು, ಅದು ಓದಿಕೊಂಡದ್ದು ಇನ್ನೊಂದು. ಹಾಗಾಗಿ ಈ ವಿಮರ್ಶೆಯ ಹೆಚ್ಚು ಭಾಗ ಅದಕ್ಕೇ ಮೀಸಲು.

ಮೊದಲ ಕೆಲಸ ತಾರೀಖಿನದು. ಹೊಸದಾಗಿ ಹಾಕಿಕೊಂಡ ಕ್ಯಾಲ್ಕ್ ಎಷ್ಟೋ ಸಲ ಅಮೆರಿಕದ ಪದ್ಧತಿಯಲ್ಲಿರುತ್ತದೆ. ಅಲ್ಲಿ 03/04/2024 ಎಂದು ಹೊಡೆದರೆ ಏಪ್ರಿಲ್ 3 ಅಲ್ಲ, ಮಾರ್ಚ್ 4 ಆಗುತ್ತದೆ. 13/04/2024 ಎಂದರೆ ಹದಿಮೂರನೇ ತಿಂಗಳಿಲ್ಲವಾದ್ದರಿಂದ ಅದನ್ನು ತಾರೀಖೆಂದೇ ಒಪ್ಪದೆ ಬರೀ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ. ತಿಂಗಳ ಮೊದಲ ಹನ್ನೆರಡು ದಿನ ತಪ್ಪು ತಿಂಗಳಿಗೆ, ಉಳಿದ ದಿನಗಳು ಲೆಕ್ಕಕ್ಕೇ ಇಲ್ಲ. ತಿಂಗಳುವಾರು ಮೊತ್ತ ತೆಗೆಯುವವರೆಗೆ ಇದು ಕಣ್ಣಿಗೆ ಬೀಳುವುದಿಲ್ಲ. ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್ ಅಂಡ್ ಲೊಕೇಲ್ಸ್ ಒಳಗೆ ಹೋಗಿ ಲೊಕೇಲ್ ಅನ್ನು, ಅಂದರೆ ದೇಶದ ಪದ್ಧತಿಯನ್ನು, ಇಂಗ್ಲಿಷ್ (ಇಂಡಿಯಾ) ಮಾಡಿ. ಒಂದು ಅಕ್ಷರ ಬರೆಯುವ ಮುಂಚೆಯೇ ಮಾಡಿ, ಏಕೆಂದರೆ ಆಗಲೇ ಕೂತ ತಪ್ಪು ಇದರಿಂದ ಸರಿಯಾಗುವುದಿಲ್ಲ. ಅಕ್ಷರವಾಗಿ ಉಳಿದವನ್ನು ಡೇಟಾ ಮೆನುವಿನ ಟೆಕ್ಸ್ಟ್ ಟು ಕಾಲಮ್ಸ್‌ನಲ್ಲಿ ಕಾಲಂ ಬಗೆಯನ್ನು ದಿನ-ತಿಂಗಳು-ವರ್ಷ ಎಂದು ಆರಿಸಿ ಸರಿಮಾಡಬಹುದು. ತಿರುವುಮುರುವಾದ ಹನ್ನೆರಡು ದಿನಗಳಿಗೆ ಈ ಮದ್ದು ತಾಗದು. ಪಕ್ಕದ ಕಾಲಂನಲ್ಲಿ ಡೇಟ್ ಸೂತ್ರ ಹಾಕಿ, ತಿಂಗಳಿನ ಜಾಗಕ್ಕೆ ದಿನವನ್ನೂ ದಿನದ ಜಾಗಕ್ಕೆ ತಿಂಗಳನ್ನೂ ಕೊಟ್ಟು ಹೊಸ ತಾರೀಖು ಕಟ್ಟಬೇಕು.

ಇಂಥ ತಪ್ಪು ಹಿಡಿಯಲು ಕ್ಯಾಲ್ಕ್‌ನಲ್ಲಿ ಒಂದು ಸೊಗಸಾದ ಸೌಲಭ್ಯವಿದೆ. ಕಂಟ್ರೋಲ್ ಮತ್ತು ಎಫ್8 ಒಟ್ಟಿಗೆ ಒತ್ತಿದರೆ ಅಂಕಿಗಳು ನೀಲಿ, ಸೂತ್ರಗಳು ಹಸಿರು, ಅಕ್ಷರಗಳು ಕಪ್ಪು ಬಣ್ಣಕ್ಕೆ ತಿರುಗುತ್ತವೆ. ತಾರೀಖು ಮತ್ತು ತೂಕದ ಕಾಲಂ ಪೂರ್ತಿ ನೀಲಿ ಇರಬೇಕು. ನಡುವೆ ಒಂದು ಕಪ್ಪು ಕಂಡರೆ ಅದು ಮೊತ್ತಕ್ಕೆ ಸೇರಿಲ್ಲ. ಹಸಿರು ಕಾಲಂ ನಡುವೆ ನೀಲಿ ಕಂಡರೆ ಯಾರೋ ಸೂತ್ರದ ಮೇಲೆ ಕೈಯಿಂದ ಅಂಕಿ ಹೊಡೆದಿದ್ದಾರೆ. ಬಟವಾಡೆಯ ಹಿಂದಿನ ಸಂಜೆ ಇದನ್ನು ಒಮ್ಮೆ ಒತ್ತಿ ನೋಡದೆ ಮುಂದೆ ಹೋಗಬೇಡಿ.

ಮಳೆ ಲೆಕ್ಕದಲ್ಲಿ ಎಡವುವ ಜಾಗ ಬೇರೆಯದು. ಕೊಡಗಿನಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಹೇಳುತ್ತೇವೆ. ಒಂದು ಇಂಚು ಐದು ಸೆಂಟು ಎಂದರೆ 1.05. ಫೋನಿನಲ್ಲಿ ಕೇಳಿಸಿಕೊಂಡವರು 1.5 ಎಂದು ಬರೆದರೆ ಒಂದೇ ದಿನಕ್ಕೆ 45 ಸೆಂಟು ಹೆಚ್ಚುವರಿ ಮಳೆ. ಕಾಫಿ ಹೂ ಅರಳಿಸುವ ಹೂ ಮಳೆಯ ದಿನಗಳಲ್ಲಿ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎನ್ನುವ ತೀರ್ಮಾನವೇ ಇದರ ಮೇಲೆ ನಿಂತಿರುತ್ತದೆ. ಆದ್ದರಿಂದ ಎ ಕಾಲಂ ತಾರೀಖಿಗೆ, ಬಿ ಇಂಚಿಗೆ, ಸಿ ಸೆಂಟಿಗೆ, ಡಿ ಕಾಲಂನಲ್ಲಿ =ಬಿ2+ಸಿ2/100. ಸಿ ಕಾಲಂ ಆರಿಸಿಕೊಂಡು ಡೇಟಾ, ವ್ಯಾಲಿಡಿಟಿ ಒಳಗೆ ಪೂರ್ಣಾಂಕ, ಕನಿಷ್ಠ 0, ಗರಿಷ್ಠ 99 ಎಂದು ಕಟ್ಟುಹಾಕಿ. ಇ ಕಾಲಂನಲ್ಲಿ =ಸಮ್(ಡಿ$2:ಡಿ2) ಎಂದು ಬರೆದು ಕೆಳಗೆ ಎಳೆದರೆ ಜನವರಿಯಿಂದ ಆ ದಿನದವರೆಗಿನ ಮಳೆ ಸಿಗುತ್ತದೆ. ಡಾಲರ್ ಗುರುತು ಮೊದಲನೆಯದಕ್ಕೆ ಮಾತ್ರ, ಹೊಸ ವರ್ಷ ಶುರುವಾದಾಗ ಅಲ್ಲಿನ 2ರ ಬದಲು ಜನವರಿ 1ರ ಸಾಲಿನ ಸಂಖ್ಯೆ ಹಾಕಿ. ಮಳೆ ಬಾರದ ದಿನ 0 ಬರೆಯಿರಿ, ಅಳೆಯದ ದಿನ ಖಾಲಿ ಬಿಡಿ, ಎರಡೂ ಒಂದಲ್ಲ. ಡಿ ಕಾಲಂನ ಸೂತ್ರ ಖಾಲಿಯನ್ನೂ ಸೊನ್ನೆಯಾಗಿಸುವುದರಿಂದ, ಸರಾಸರಿ ಬೇಕಾದರೆ ಇಫ್ ಸೂತ್ರ ಸೇರಿಸಿ ಬಿ ಖಾಲಿ ಇದ್ದಾಗ ಡಿಯನ್ನೂ ಖಾಲಿ ಕಾಣುವಂತೆ ಮಾಡಿ. ಹವಾಮಾನ ಇಲಾಖೆ 24 ಗಂಟೆಯಲ್ಲಿ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವನ್ನು ಮಳೆದಿನ ಎನ್ನುತ್ತದೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು 10 ಸೆಂಟು. ಕೌಂಟ್‌ಇಫ್ ಸೂತ್ರಕ್ಕೆ 0.1ಕ್ಕೆ ಸಮ ಅಥವಾ ಹೆಚ್ಚು ಎಂಬ ಷರತ್ತು ಕೊಟ್ಟರೆ ಮಳೆದಿನಗಳ ಸಂಖ್ಯೆ ಬರುತ್ತದೆ. ಇಲಾಖೆಯ ಅಳತೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಅದರೊಂದಿಗೆ ಹೋಲಿಸುವುದಿದ್ದರೆ ನೀವೂ ಅದೇ ಹೊತ್ತಿಗೆ ನೋಡಬೇಕು.

ಇನ್ನು ಕೊಯ್ಲು. ಹಾಜರಿ ಪುಸ್ತಕದ ನಕಲಿನಂತೆ ಅಡ್ಡಕ್ಕೆ 31 ದಿನ, ಉದ್ದಕ್ಕೆ ಆಳುಗಳ ಹೆಸರು ಹಾಕುವುದು ಎಲ್ಲರ ಮೊದಲ ಯೋಚನೆ. ಕಾಗದದಲ್ಲಿ ಅದು ಸರಿ, ಕ್ಯಾಲ್ಕ್‌ನಲ್ಲಿ ಅದು ಕೈಕಟ್ಟುತ್ತದೆ. ಒಬ್ಬರೇ ಬೆಳಿಗ್ಗೆ ಅರೇಬಿಕಾ, ಮಧ್ಯಾಹ್ನ ರೋಬಸ್ಟಾ ಕೊಯ್ದರೆ ಬರೆಯಲು ಜಾಗವಿಲ್ಲ. ಒಂದು ತೂಕಕ್ಕೆ ಒಂದು ಸಾಲು ಎಂದಿಟ್ಟುಕೊಳ್ಳಿ: ತಾರೀಖು, ಚೆಕ್‌ರೋಲ್ ನಂಬರ್, ಬ್ಲಾಕ್ (ತೋಟದ ಯಾವ ಭಾಗ), ಕಾಫಿಯ ಜಾತಿ, ಕೆಜಿ, ದರ. ಸಾಲುಗಳು ಉದ್ದವಾದರೆ ಚಿಂತೆಯಿಲ್ಲ, ಒಂದು ಹಾಳೆಯಲ್ಲಿ 10,48,576 ಸಾಲುಗಳಿವೆ. ಇದರ ಮೇಲೆ ಪಿವಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಮೊತ್ತ ತೋರಿಸುವ ಕೋಷ್ಟಕ) ಹಾಕಿದರೆ ಆಳುವಾರು, ಬ್ಲಾಕ್‌ವಾರು, ವಾರವಾರು ಯಾವುದು ಬೇಕೋ ಅದು ಅರ್ಧ ನಿಮಿಷದಲ್ಲಿ ಸಿಗುತ್ತದೆ. ಹೊಸ ಸಾಲು ಸೇರಿಸಿದ ಮೇಲೆ ಪಿವಟ್ ತಾನಾಗಿ ಬದಲಾಗುವುದಿಲ್ಲ. ಬಲ ಕ್ಲಿಕ್ ಮಾಡಿ ರಿಫ್ರೆಶ್ ಕೊಡಲೇಬೇಕು, ಮೂಲ ವ್ಯಾಪ್ತಿ ಆ ಹೊಸ ಸಾಲನ್ನು ಒಳಗೊಂಡಿದೆಯೇ ಎಂದೂ ನೋಡಬೇಕು. ಎರಡು ಸೆಲ್ ಜೋಡಿಸಿ ದೊಡ್ಡ ತಲೆಬರಹ ಮಾಡುವ ಆಸೆ ಬೇಡ. ಜೋಡಿಸಿದ ಸೆಲ್ ಇದ್ದ ಕಡೆ ಸಾರ್ಟ್ ಕೆಡುತ್ತದೆ.

ದರವನ್ನು ಪ್ರತಿ ಸಾಲಿನಲ್ಲೂ ಯಾಕೆ ಇಡಬೇಕು? ಡಿಸೆಂಬರ್‌ನಲ್ಲಿ ಕೆಜಿಗೆ 5 ರೂಪಾಯಿ, ಜನವರಿಯಲ್ಲಿ ಹಣ್ಣು ವಿರಳವಾದಾಗ 5.50 ಎಂದಿಟ್ಟುಕೊಳ್ಳಿ. ದರ ಒಂದೇ ಸೆಲ್‌ನಲ್ಲಿದ್ದು ಎಲ್ಲ ಸಾಲುಗಳೂ ಅದನ್ನೇ ನೋಡುತ್ತಿದ್ದರೆ, ಜನವರಿಯಲ್ಲಿ ಅದನ್ನು ತಿದ್ದಿದ ಕ್ಷಣ ಡಿಸೆಂಬರ್‌ನಲ್ಲಿ ಕೊಟ್ಟು ಮುಗಿಸಿದ ಕೂಲಿಯೂ ಬದಲಾಗುತ್ತದೆ. ಬೇರೆ ಹಾಳೆಯಲ್ಲಿ ದರಪಟ್ಟಿ ಮಾಡಿ: ಎಡಕ್ಕೆ ಜಾರಿಯಾದ ತಾರೀಖು, ಬಲಕ್ಕೆ ದರ, ತಾರೀಖು ಏರುವ ಕ್ರಮದಲ್ಲಿ. ನಂತರ ಪಟ್ಟಿಯಲ್ಲಿ ಹುಡುಕಿ ತರುವ ವಿ-ಲುಕಪ್ ಸೂತ್ರದ ನಾಲ್ಕನೇ ಜಾಗಕ್ಕೆ 1 ಕೊಟ್ಟರೆ ಆ ದಿನ ಅಥವಾ ಅದಕ್ಕೆ ಮುಂಚೆ ಜಾರಿಯಾದ ಕೊನೆಯ ದರವನ್ನು ಅದೇ ಎತ್ತಿಕೊಡುತ್ತದೆ. ಚೆಕ್‌ರೋಲ್ ನಂಬರಿನಿಂದ ಹೆಸರು ತೆಗೆಯುವಾಗ ಮಾತ್ರ ನಾಲ್ಕನೇ ಜಾಗಕ್ಕೆ 0 ಇರಲೇಬೇಕು. ಬಿಟ್ಟರೆ ಇಲ್ಲದ ನಂಬರಿಗೂ ಹತ್ತಿರದ ಯಾರದೋ ಹೆಸರು ಬರುತ್ತದೆ, ಕೂಲಿ ಅವರ ಖಾತೆಗೆ ಹೋಗುತ್ತದೆ. 24.8ನೇ ಆವೃತ್ತಿಯಿಂದ ಎಕ್ಸ್-ಲುಕಪ್ ಬಂದಿದೆ, ಅದು ತಾನಾಗಿಯೇ ನಿಖರ ಹೊಂದಿಕೆಯನ್ನಷ್ಟೇ ಹುಡುಕುತ್ತದೆ. ಆಫೀಸಿನಲ್ಲಿ ವಿಂಡೋಸ್ 7 ಯಂತ್ರ ಇನ್ನೂ ಇದ್ದರೆ ಗಮನಿಸಿ: 25.8ರಿಂದ ಅದಕ್ಕೆ ಬೆಂಬಲ ನಿಂತಿದೆ.

ಪೈಸೆಯ ಜಗಳ ಬಿಡಿಸುವುದೂ ಮುಖ್ಯ. 63.5 ಕೆಜಿಗೆ 5.50ರಂತೆ 349.25 ರೂಪಾಯಿ. ದಶಮಾಂಶ ಮರೆಮಾಡಿದರೆ ಕಾಣುವುದು 349. ಆರು ದಿನ ಅಷ್ಟೇ ಕೊಯ್ದರೆ ಕಾಣುವುದನ್ನು ಕೂಡಿದಾಗ 2,094, ಕ್ಯಾಲ್ಕ್ ತೋರಿಸುವುದು 2,096. ಲೆಕ್ಕ ಗೊತ್ತಿರುವ ಆಳು ಇದನ್ನು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ದಿನದ ಕೂಲಿಯಲ್ಲಿ ಪೈಸೆ ತೋರಿಸಿ, ವಾರದ ಮೊತ್ತವನ್ನು ಒಮ್ಮೆ ಮಾತ್ರ ರೌಂಡ್ ಸೂತ್ರದಿಂದ ಪೂರ್ಣ ರೂಪಾಯಿಗೆ ತನ್ನಿ. ಅರ್ಧ ದಿನದ ಹಾಜರಿಯನ್ನು 0.5 ಎಂದೇ ಬರೆಯಿರಿ. 1/2 ಎಂದು ಹೊಡೆದರೆ ತಾರೀಖೋ ಚಿಹ್ನೆಯೋ ಆಗಿಬಿಡುತ್ತದೆ. ಲಕ್ಷದ ಅಲ್ಪವಿರಾಮ ಸರಿಯಾಗಿ ಬೀಳಲು ಫಾರ್ಮ್ಯಾಟ್ ಕೋಡ್ #,##,##0 ಎಂದು ಕೊಟ್ಟರೆ ಸಾಕು.

ಕನ್ನಡದಲ್ಲಿ ಬರೆಯುವವರಿಗೆ ಎರಡು ಮಾತು. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಫೈಲುಗಳು ಯೂನಿಕೋಡ್ ಅಲ್ಲ. ಫಾಂಟ್ ಬದಲಾದೊಡನೆ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತವೆ, ಹೊಸ ಹೆಸರುಗಳೊಂದಿಗೆ ಹೊಂದುವುದಿಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಎರಡನೆಯದು ಕಣ್ಣಿಗೇ ಕಾಣದ್ದು. ಬ್ಲಾಕ್ ಎಂಬ ಪದದ ಕೊನೆಯ ಅರ್ಧಾಕ್ಷರದ ನಂತರ ಕೆಲವರು ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಅಕ್ಷರವನ್ನೂ ಒತ್ತುತ್ತಾರೆ, ಕೆಲವರು ಒತ್ತುವುದಿಲ್ಲ. ನೋಡಲು ಎರಡೂ ಒಂದೇ. ಅಕ್ಷರ ಎಣಿಸುವ ಲೆನ್ ಸೂತ್ರ ಕೇಳಿದರೆ ಒಂದಕ್ಕೆ 6, ಇನ್ನೊಂದಕ್ಕೆ 7. ಪಿವಟ್‌ನಲ್ಲಿ ಒಂದೇ ಬ್ಲಾಕ್ ಎರಡು ಸಾಲಾಗಿ ಬಂದರೆ ಇದನ್ನೇ ಅನುಮಾನಿಸಿ. ಸಬ್‌ಸ್ಟಿಟ್ಯೂಟ್ ಸೂತ್ರದಲ್ಲಿ ಯೂನಿಚಾರ್ 8204 ಅನ್ನು ಖಾಲಿಯಿಂದ ಬದಲಿಸಿ, ಮೇಲೆ ಟ್ರಿಮ್ ಹಾಕಿದರೆ ಕೊನೆಯ ಜಾಗವೂ ಹೋಗುತ್ತದೆ. ಬ್ಲಾಕ್ ಹೆಸರುಗಳನ್ನು ವ್ಯಾಲಿಡಿಟಿಯಲ್ಲಿ ಪಟ್ಟಿಯಾಗಿ ಕೊಟ್ಟು ಆರಿಸುವಂತೆ ಮಾಡಿದರೆ ಈ ಕಷ್ಟವೇ ಬಾರದು.

ಮಾರಾಟದ ಹಾಳೆಗೆ ಒಂದು ಕೋಷ್ಟಕ ಸಾಕು. ರೋಬಸ್ಟಾ ಚೆರ್ರಿಯನ್ನು (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಒಟಿ (ಔಟ್‌ಟರ್ನ್) ಮೇಲೆ ಕೊಳ್ಳುವಾಗ 50 ಕೆಜಿ ಚೆರ್ರಿಗೆ ಎಷ್ಟು ಕೆಜಿ ಬೇಳೆ ಬರುತ್ತದೋ ಅದೇ ಒಟಿ. ಒಂದು ಒಟಿಗೆ 400 ರೂಪಾಯಿ ಎಂದಾದರೆ 27 ಒಟಿಗೆ 50 ಕೆಜಿಯ ಚೀಲಕ್ಕೆ 10,800. ಗೋಣಿ ತೂಕ ಕಳೆದು 1,235 ಕೆಜಿ ಇದ್ದರೆ ಅದು 24.7 ಚೀಲ, ಒಟ್ಟು 2,66,760. ಒಟಿ ಅರ್ಧ ಇಳಿದು 26.5 ಬಂದರೆ 2,61,820. ಅರ್ಧ ಒಟಿಗೆ 4,940 ರೂಪಾಯಿ ವ್ಯತ್ಯಾಸ! ಎ ಕಾಲಂನಲ್ಲಿ 25ರಿಂದ 29ರವರೆಗೆ ಅರ್ಧರ್ಧ ಏರಿಸಿ ಒಟಿ, ಮೊದಲ ಸಾಲಿನಲ್ಲಿ ದರಗಳು, ಬಿ2ರಲ್ಲಿ =$ಎ2*ಬಿ$1 ಎಂದು ಬರೆದು ಎಲ್ಲ ಕಡೆ ಎಳೆಯಿರಿ. ಡಾಲರ್ ಗುರುತಿಗೆ ಎಫ್4 ಒತ್ತುತ್ತಾ ಹೋದರೆ ಸ್ಥಾನ ಬದಲಾಗುತ್ತದೆ. ಮುದ್ರಿಸಿ ತೂಕದ ಯಂತ್ರದ ಪಕ್ಕ ಅಂಟಿಸಿ, ಸ್ಯಾಂಪಲ್ ತೆಗೆದು ಒಟಿ ಹೇಳುವಾಗ ಬಾಯಿಲೆಕ್ಕಕ್ಕೆ ಬೀಳಬೇಕಿಲ್ಲ.

ವರ್ಷಕ್ಕೊಂದು ಫೈಲ್ ಮಾಡಬೇಡಿ. ಮಳೆಗೆ ಜನವರಿಯಿಂದ ವರ್ಷ, ತೆರಿಗೆಗೆ ಏಪ್ರಿಲ್‌ನಿಂದ, ಕಾಫಿ ಮಂಡಳಿಯ ಅಂದಾಜಿಗೆ ಅಕ್ಟೋಬರ್‌ನಿಂದ. ಡಿಸೆಂಬರ್‌ನಲ್ಲಿ ಶುರುವಾದ ಕೊಯ್ಲು ಮಾರ್ಚ್ ಹೊತ್ತಿಗೆ ಮುಗಿಯುವಾಗ ಯಾವ ಫೈಲಿನಲ್ಲಿ ಹುಡುಕುವುದು? ಒಂದೇ ಹಾಳೆ ಇರಲಿ. ತಿಂಗಳು 4 ಅಥವಾ ಹೆಚ್ಚಾದರೆ ಅದೇ ವರ್ಷ, ಇಲ್ಲದಿದ್ದರೆ ಹಿಂದಿನ ವರ್ಷ ಎಂಬ ಇಫ್ ಸೂತ್ರದ ಒಂದು ಕಾಲಂ, 4ರ ಬದಲು 10 ಹಾಕಿದ ಇನ್ನೊಂದು ಕಾಲಂ, ತಾರೀಖಿನಲ್ಲೇ ಇರುವ ವರ್ಷದ ಜತೆ ಇಷ್ಟರಲ್ಲಿ ಮೂರೂ ವರ್ಷ ಸಿಗುತ್ತವೆ.

ಕರೆಂಟ್ ಹೋಗುವ ವಿಷಯ. ಆಪ್ಷನ್ಸ್‌ನ ಲೋಡ್/ಸೇವ್, ಜನರಲ್ ಒಳಗೆ ಆಟೋರಿಕವರಿ 10 ನಿಮಿಷಕ್ಕೆ ಇರುತ್ತದೆ, 2ಕ್ಕೆ ಇಳಿಸಿ. ಅಲ್ಲಿಯೇ ಬ್ಯಾಕಪ್ ಪ್ರತಿ ಸದಾ ಮಾಡು ಎಂಬುದಕ್ಕೂ ಗುರುತು ಹಾಕಿ. ಬ್ಯಾಟರಿ ಸತ್ತ ಯಂತ್ರ ದಿಢೀರನೆ ಆರಿದ ನಂತರ ಫೈಲ್ ತೆರೆದರೆ ಬೇರೆಯವರು ಬಳಸುತ್ತಿದ್ದಾರೆ ಎಂಬ ಸಂದೇಶ ಬರಬಹುದು. ಅದೇ ಫೋಲ್ಡರ್‌ನಲ್ಲಿ ಲಾಕ್ ಎಂಬ ಹೆಸರಿನ ಅಡಗಿದ ಫೈಲ್ ಉಳಿದುಕೊಂಡಿರುತ್ತದೆ. ಬೇರೆ ಯಾರೂ ತೆರೆದಿಲ್ಲ ಎಂದು ಖಾತ್ರಿ ಮಾಡಿಕೊಂಡು ಅದನ್ನು ಅಳಿಸಿದರೆ ಸಾಕು.

ಕಳೆದ ಒಂದು ಅಂಕ ಎರಡು ಕಾರಣಕ್ಕೆ. ಇಬ್ಬರು ಏಕಕಾಲಕ್ಕೆ ಬರೆಯುವುದು ಗೂಗಲ್ ಶೀಟ್ಸ್‌ನಷ್ಟು ಸಲೀಸಲ್ಲ, ಕಣದಿಂದ ಮೊಬೈಲಿನಲ್ಲಿ ತೂಕ ಬರೆಯಲು ಕೊಲಾಬೊರಾ ಆಫೀಸ್ ಎಂಬ ಬೇರೆ ಆ್ಯಪ್ ಬೇಕು, ಸಣ್ಣ ಪರದೆಯಲ್ಲಿ ಅದು ತ್ರಾಸ. ಇನ್ನೊಂದು, ಲೆಕ್ಕಪರಿಶೋಧಕರು ಎಕ್ಸೆಲ್ ಫೈಲ್ ಕೇಳುತ್ತಾರೆ. ಮೂಲವನ್ನು ಕ್ಯಾಲ್ಕ್‌ನ ಸ್ವಂತ ಓಡಿಎಸ್ ರೂಪದಲ್ಲೇ ಇಟ್ಟು, ಕೇಳಿದಾಗ ಸೇವ್ ಎ ಕಾಪಿ ಕೊಟ್ಟು ಎಕ್ಸ್‌ಎಲ್‌ಎಸ್‌ಎಕ್ಸ್ ಪ್ರತಿ ಮಾಡಿ ಕಳಿಸಿ. ಸೇವ್ ಆ್ಯಸ್ ಕೊಟ್ಟರೆ ಆ ಕ್ಷಣದಿಂದ ನೀವು ಬರೆಯುವುದೆಲ್ಲ ಕಳಿಸಬೇಕಾದ ಪ್ರತಿಗೇ ಹೋಗುತ್ತಿರುತ್ತದೆ, ಮೂಲ ಅಲ್ಲಿಗೇ ನಿಂತಿರುತ್ತದೆ.